ನೀರಲ್ಲಿ ಕಲಸಿದ ತುಕ್ಕುನಿರೋಧಕ: ಜಲಾಧಾರಿತ ಪ್ರೈಮರುಗಳ ಚರಿತ್ರೆಯ ಮರುನೋಟ

ಗೋಡೆಗೆ ಬಳಿಯುವ ಎಮಲ್ಷನ್ ಬಣ್ಣವನ್ನು ಉಜ್ಜುಕಾಗದದಿಂದ ಚೆನ್ನಾಗಿ ತಿಕ್ಕಿದ ಕಬ್ಬಿಣದ ತಗಡಿನ ಮೇಲೆ ಹಚ್ಚಿ ನೋಡಿ. ಬಣ್ಣ ಇನ್ನೂ ಹಸಿಯಿರುವಾಗಲೇ ಬಿಳಿಯ ನಡುವೆ ಅಲ್ಲಲ್ಲಿ ಕಂದು ಚುಕ್ಕೆಗಳು ಏಳತೊಡಗುತ್ತವೆ. ಗೋಡೆಯಲ್ಲಿ ಉಳಿದ ಹಳೆಯ ಮೊಳೆಯ ತಲೆಯ ಮೇಲೆ ಬಣ್ಣ ಬಳಿದವರೆಲ್ಲ ಈ ಚುಕ್ಕೆಯನ್ನು ಕಂಡಿರುತ್ತಾರೆ. ಪೇಂಟ್ ಉದ್ಯಮದವರು ಇದನ್ನು ಫ್ಲ್ಯಾಶ್ ರಸ್ಟ್ ಎನ್ನುತ್ತಾರೆ. ಕಬ್ಬಿಣಕ್ಕೆ ನೀರಿನ ಬಣ್ಣ ಆಗಿಬರದು ಎಂಬ ನಂಬಿಕೆ ಬಲಗೊಂಡದ್ದು ಈ ಚುಕ್ಕೆಯಿಂದಲೇ.

ನೀರನ್ನೇ ಮಾಧ್ಯಮವಾಗಿಟ್ಟುಕೊಂಡ ತುಕ್ಕುನಿರೋಧಕ ಪ್ರೈಮರಿನ ಕಥೆಯನ್ನು ಸಾಮಾನ್ಯವಾಗಿ 1966ರಿಂದ, ಲಾಸ್ ಏಂಜಲೀಸ್ ಕೌಂಟಿಯ 'ರೂಲ್ 66'ರಿಂದ ಹೇಳಲು ತೊಡಗುತ್ತಾರೆ. ಹೊಗೆಮಂಜು ತಡೆಯಲು ಸರಕಾರ ದ್ರಾವಕಗಳಿಗೆ ಕಡಿವಾಣ ಹಾಕಿತು, ಉದ್ಯಮ ಅನಿವಾರ್ಯವಾಗಿ ನೀರಿನ ಕಡೆ ಹೊರಳಿತು ಎಂಬುದು ಆ ಕಥೆಯ ಸಾರ. ಇದರಲ್ಲಿ ಅರ್ಧ ಸತ್ಯವಿದೆ. ಕಾನೂನು ಬರುವುದಕ್ಕೆ ಎರಡು ದಶಕ ಮೊದಲೇ ನೀರಿನ ಪ್ರೈಮರೊಂದು ನೂರಾರು ಕಿಲೋಮೀಟರ್ ಉಕ್ಕನ್ನು ಕಾಯಲು ನಿಂತಿತ್ತು. ತುಕ್ಕನ್ನು ಬಣ್ಣ ಹೇಗೆ ತಡೆಯುತ್ತದೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೂ ಕಾನೂನಿಗಿಂತ ಹಳೆಯದು. ಈ ಎರಡನ್ನೂ ಅವುಗಳ ಜಾಗದಲ್ಲಿಟ್ಟು ನೋಡಿದರೆ ಚರಿತ್ರೆಯ ಚಹರೆ ಬದಲಾಗುತ್ತದೆ ಎಂಬುದು ನನ್ನ ವಾದ.

ಹತ್ತೊಂಬತ್ತನೆಯ ಶತಮಾನದ ಸೇತುವೆಗಳನ್ನೂ ಹಡಗುಗಳನ್ನೂ ಕಾಪಾಡಿದ್ದು ಸೀಸದ ಸಿಂಧೂರ ಮತ್ತು ಅಗಸೆ ಎಣ್ಣೆ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಯಾಗಿ ರೊಟ್ಟಿಯ ಪಕ್ಕ ಕೂರುವ ಅಗಸೆಯೇ ಅದು. ಅದರ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ತಾನಾಗಿ ಗಟ್ಟಿಯಾಗುತ್ತದೆ. 1937ರಲ್ಲಿ ಸಂಚಾರಕ್ಕೆ ತೆರೆದ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಮೊದಲ ಪ್ರೈಮರಿನಲ್ಲೂ ಸೀಸದ ಸಿಂಧೂರವೇ ಇತ್ತು. ಈ ಬಣ್ಣ ಕೆಲಸ ಮಾಡುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಎಣ್ಣೆಯ ಪದರ ನೀರನ್ನು ಒಳಗೆ ಬಿಡುವುದಿಲ್ಲ, ಅದಕ್ಕೇ ತುಕ್ಕು ಹಿಡಿಯುವುದಿಲ್ಲ ಎಂದು ಜನ ಸಹಜವಾಗಿ ಭಾವಿಸಿದ್ದರು.

ಆ ಭಾವನೆಯನ್ನು ಕದಲಿಸಿದ್ದು ಕೇಂಬ್ರಿಜ್. ಅಲ್ಲಿ ಯೂಲಿಕ್ ಇವಾನ್ಸ್ 1920ರ ದಶಕದಲ್ಲಿ ಮಾಡಿ ತೋರಿಸಿದ ಪ್ರಯೋಗವನ್ನು ಇಂದಿಗೂ ಕಾಲೇಜುಗಳಲ್ಲಿ ಮಾಡಿಸುತ್ತಾರೆ. ಉಜ್ಜಿದ ಉಕ್ಕಿನ ತಗಡಿನ ಮೇಲೆ ಒಂದು ಹನಿ ಉಪ್ಪುನೀರು. ಅದರಲ್ಲಿ ಎರಡು ಸೂಚಕಗಳು: ಕ್ಷಾರ ಹುಟ್ಟಿದಲ್ಲಿ ಗುಲಾಬಿಯಾಗುವ ಫಿನಾಲ್ಫ್ತಲೀನ್, ಕಬ್ಬಿಣ ಕರಗಿದಲ್ಲಿ ನೀಲಿಯಾಗುವ ಪೊಟ್ಯಾಸಿಯಂ ಫೆರಿಸಯನೈಡ್. ಸ್ವಲ್ಪ ಹೊತ್ತಿಗೆ ಹನಿಯ ನಡುವೆ ನೀಲಿ, ಅಂಚಿನ ಸುತ್ತ ಗುಲಾಬಿ ಮೂಡುತ್ತವೆ. ಎರಡರ ನಡುವೆ ತುಕ್ಕಿನ ಕಂದು ಬಳೆ ಕಟ್ಟುತ್ತದೆ. ಗಾಳಿ ಸುಲಭವಾಗಿ ಸಿಗುವ ಅಂಚು ಕ್ಯಾಥೋಡ್, ಸಿಗದ ನಡುಭಾಗ ಆನೋಡ್. ಅಂದರೆ ಹನಿಯೊಳಗೆ ಒಂದು ಪುಟ್ಟ ಬ್ಯಾಟರಿ ನಡೆಯುತ್ತಿರುತ್ತದೆ. ಅದು ನಡೆಯಲು ನೀರು, ಆಮ್ಲಜನಕ ಇದ್ದರೆ ಸಾಲದು, ಆನೋಡಿಗೂ ಕ್ಯಾಥೋಡಿಗೂ ನಡುವೆ ಅಯಾನುಗಳು ಓಡಾಡಲು ದಾರಿಯೂ ಬೇಕು.

ಅದೇ ಕೇಂಬ್ರಿಜ್‌ನಲ್ಲಿ ಜೆ. ಇ. ಓ. ಮೇನ್ 1950ರ ಆಸುಪಾಸಿನಲ್ಲಿ ಬಣ್ಣದ ಪದರಗಳನ್ನೇ ಪರೀಕ್ಷೆಗಿಟ್ಟರು. ಬಣ್ಣ ಹಚ್ಚದ ಉಕ್ಕು ಬಯಲಲ್ಲಿ ತುಕ್ಕು ಹಿಡಿಯಲು ಬಳಸಿಕೊಳ್ಳುವಷ್ಟು ನೀರು ಮತ್ತು ಆಮ್ಲಜನಕ ಸಾಧಾರಣ ಬಣ್ಣದ ಪದರದ ಮೂಲಕ ಧಾರಾಳವಾಗಿ ಹಾಯುತ್ತವೆ ಎಂಬುದು ಅವರ ಲೆಕ್ಕದಿಂದ ಹೊರಬಂತು. ಹಾಗಾದರೆ ಒಳ್ಳೆಯ ಬಣ್ಣ ತಡೆಯುವುದು ಅಯಾನುಗಳ ಹಾದಿಯನ್ನು. ಪದರದ ವಿದ್ಯುತ್ ಪ್ರತಿರೋಧ ಹೆಚ್ಚಿದ್ದಷ್ಟೂ ಆ ಪುಟ್ಟ ಬ್ಯಾಟರಿ ಸೊರಗುತ್ತದೆ. ಸೀಸದ ಸಿಂಧೂರ ಎಣ್ಣೆಯ ಆಮ್ಲಗಳೊಡನೆ ಬೆರೆತು ಸೀಸದ ಸಾಬೂನಾಗುತ್ತದೆ, ಆ ಸಾಬೂನು ಒಡೆದು ಬರುವ ವಸ್ತುಗಳು ಲೋಹದ ಮೇಲ್ಮೈಯನ್ನು ಶಾಂತವಾಗಿಡುತ್ತವೆ ಎಂಬುದನ್ನೂ ಅವರು ತೋರಿಸಿದರು. ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಪೇಂಟ್ ಚರಿತ್ರೆಯಲ್ಲಿ ಸಂದಿಲ್ಲ ಎಂಬ ಕೊರಗು ನನಗಿದೆ. ಎಣ್ಣೆಯ ಬಣ್ಣದಲ್ಲೂ ನೀರು ಹಾಯುತ್ತದೆಂದ ಮೇಲೆ ನೀರಿನ ಬಣ್ಣವನ್ನು ನೀರೆಂಬ ಒಂದೇ ಕಾರಣಕ್ಕೆ ದೂರವಿಡುವಂತಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ನೀರು ಆರಿಹೋದ ಮೇಲೆ ಪದರದಲ್ಲಿ ಏನು ಉಳಿಯುತ್ತದೆ?

ಆ ಹೊತ್ತಿಗೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಇದಕ್ಕೆ ಒಂದು ಉತ್ತರ ಸಿಕ್ಕಾಗಿತ್ತು. ಯುದ್ಧಕಾಲದಲ್ಲಿ ವೈಯಲ್ಲಾ ಎಂಬ ಊರಿನ ಹಡಗುಕಟ್ಟೆಗೂ ಕಬ್ಬಿಣದ ಕುಲುಮೆಗೂ ಸಾಕಷ್ಟು ಸಿಹಿನೀರಿರಲಿಲ್ಲ. ಮರ‍್ರೆ ನದಿಯ ದಂಡೆಯ ಮಾರ್ಗನ್‌ನಿಂದ ಅಲ್ಲಿಗೆ 350 ಕಿಲೋಮೀಟರಿಗೂ ಉದ್ದದ ಉಕ್ಕಿನ ಕೊಳವೆ ಎಳೆದು 1944ರಲ್ಲಿ ನೀರು ಹರಿಸಿದರು. ಆ ಕೊಳವೆಯ ಹೊರಮೈಗೆ ಮೆಲ್ಬರ್ನಿನ ವಿಕ್ಟರ್ ನೈಟಿಂಗಾಲ್ ರೂಪಿಸಿದ ಲೇಪ ಹಚ್ಚಲಾಯಿತು. ನೀರಿನಲ್ಲಿ ಕರಗಿದ ಸೋಡಿಯಂ ಸಿಲಿಕೇಟಿಗೆ ಸತುವಿನ ಪುಡಿ ಬೆರೆಸಿ, ಹಚ್ಚಿ, ಕಾಯಿಸಿ ಗಟ್ಟಿಮಾಡುವ ವಿಧಾನ ಅದು. ಎಣ್ಣೆಯಿಲ್ಲ, ರಾಳವಿಲ್ಲ, ದ್ರಾವಕವೂ ಇಲ್ಲ. ಸತು ಉಕ್ಕಿಗಿಂತ ಮೊದಲು ತಾನು ಕರಗಿ ಉಕ್ಕನ್ನು ಉಳಿಸುತ್ತದೆ; ಸಿಲಿಕೇಟು ಸತುವಿನ ಕಣಗಳನ್ನು ಒಂದಕ್ಕೊಂದು ಬಿಗಿದು ಲೋಹಕ್ಕೆ ಕಚ್ಚಿಸುತ್ತದೆ. ಕಣಗಳು ಪರಸ್ಪರ ತಾಗಿ ವಿದ್ಯುತ್ ಹಾಯಬೇಕಾದ್ದರಿಂದ ಇಂಥ ಲೇಪದ ಒಣಪದರದ ತೂಕದಲ್ಲಿ ಮುಕ್ಕಾಲು ಪಾಲು ಅಥವಾ ಇನ್ನೂ ಹೆಚ್ಚು ಸತುವೇ ಇರಬೇಕು. ನೀರನ್ನು ಆರಿಸಿಕೊಂಡದ್ದಕ್ಕೆ ಇಲ್ಲಿ ಪರಿಸರದ ಕಾಳಜಿ ಕಾರಣವಾಗಿರಲಿಲ್ಲ. ಸಿಲಿಕೇಟು ಕರಗುವುದು ನೀರಿನಲ್ಲಿ, ಅಷ್ಟೇ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆದದ್ದನ್ನು ರೂಲ್ 66ರಿಂದ ಶುರುವಾಗುವ ಕಥೆ ಒಳಗೊಳ್ಳಲಾರದು. ಕಾಯಿಸುವ ಕಷ್ಟವನ್ನು ನಿವಾರಿಸಲು ಮೊದಲು ರಾಸಾಯನಿಕ ತೊಳೆತದಿಂದ ಗಟ್ಟಿಮಾಡುವ ವಿಧಾನ ಬಂತು. ಆಮೇಲೆ ಈಥೈಲ್ ಸಿಲಿಕೇಟ್ ಬಳಸುವ, ದ್ರಾವಕದಲ್ಲಿ ಕಲಸಿದ ಸತು ಪ್ರೈಮರುಗಳು ಬಂದವು. ಹಚ್ಚಿದ ಸ್ವಲ್ಪ ಹೊತ್ತಿಗೇ ಮಳೆ ಬಂದರೂ ಅವು ತೊಳೆದುಹೋಗುತ್ತಿರಲಿಲ್ಲ, ಅದಕ್ಕೇ ಮಾರುಕಟ್ಟೆ ಅವನ್ನು ಅಪ್ಪಿಕೊಂಡಿತು. ಅಂದರೆ ನೀರಿನಲ್ಲಿ ಹುಟ್ಟಿದ ತಂತ್ರ ದ್ರಾವಕಕ್ಕೆ ವಲಸೆ ಹೋಯಿತು. ಅದನ್ನು ನೀರಿಗೆ ಮರಳಿ ತಂದವರಲ್ಲಿ ನಾಸಾ ಮುಖ್ಯ. ಕೆನಡಿ ಬಾಹ್ಯಾಕಾಶ ಕೇಂದ್ರದ ಉಡಾವಣಾ ಕಟ್ಟೆಗಳು ಕಡಲ ಉಪ್ಪಿನ ಗಾಳಿಯಲ್ಲೇ ನಿಂತಿವೆ. ಅವಕ್ಕಾಗಿ ಗೊಡಾರ್ಡ್ ಕೇಂದ್ರದವರು 1970ರ ದಶಕದಲ್ಲಿ, ಸಿಲಿಕಾ ಪ್ರಮಾಣ ಹೆಚ್ಚಿರುವ ಪೊಟ್ಯಾಸಿಯಂ ಸಿಲಿಕೇಟನ್ನು ನೀರಿನಲ್ಲಿ ಬಳಸಿ ಸತು ಲೇಪವೊಂದನ್ನು ರೂಪಿಸಿದರು. ಒಂದೇ ಕೋಟು ಸಾಕು, ಕಾಯಿಸಬೇಕಿಲ್ಲ. 1986ರ ಶತಮಾನೋತ್ಸವಕ್ಕೆ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ದುರಸ್ತಿ ಮಾಡಿದಾಗ ಅದರ ಒಳಗಿನ ಹಂದರಕ್ಕೆ ಹಚ್ಚಿದ್ದು ಇದರಿಂದ ಬೆಳೆದ ಪ್ರೈಮರನ್ನೇ.

ಸತು ಸಿಲಿಕೇಟು ನೀರಿನ ಪ್ರೈಮರುಗಳ ಮೊದಲ ಧಾರೆಯಾದರೆ, ಎರಡನೆಯ ಧಾರೆ ಗೋಡೆಯ ಬಣ್ಣದಿಂದ ಬಂದದ್ದು. ಯುದ್ಧಕ್ಕೆ ಬೇಕಾದ ಕೃತಕ ರಬ್ಬರಿನ ಕೈಗಾರಿಕೆ ಯುದ್ಧಾನಂತರ ಲೇಟೆಕ್ಸ್ ಬಣ್ಣಕ್ಕೆ ದಾರಿಮಾಡಿತು. ಗ್ಲಿಡನ್ ಕಂಪನಿ 1948ರಲ್ಲಿ ಸ್ಪ್ರೆಡ್ ಸ್ಯಾಟಿನ್ ತಂದಿತು. ರೋಮ್ ಆ್ಯಂಡ್ ಹಾಸ್ 1953ರಲ್ಲಿ ಅಕ್ರಿಲಿಕ್ ಎಮಲ್ಷನ್ ತಂದಿತು. ಗೋಡೆಗೆ ಅಮೃತವಾದದ್ದು ಉಕ್ಕಿಗೆ ಒಗ್ಗಲಿಲ್ಲ. ಲೇಟೆಕ್ಸಿನಲ್ಲಿ ಪಾಲಿಮರ್ ಕರಗಿರುವುದಿಲ್ಲ. ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಭಾಗದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಅವು ಒಂದಕ್ಕೊಂದು ಅಂಟದಂತೆ ಕಾಯುವುದು ಸಾಬೂನಿನಂಥ ಸರ್ಫ್ಯಾಕ್ಟಂಟುಗಳು. ನೀರು ಆರಿದಾಗ ಕಣಗಳು ಒತ್ತಿಕೊಂಡು, ಹಿಸುಕಿ, ಬೆಸೆದು ಪದರವಾಗುತ್ತವೆ. ಸಾಬೂನು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಪದರದ ಸಂದಿಗಳಲ್ಲೋ ಲೋಹದ ಅಂಚಿನಲ್ಲೋ ಕೂತು, ಮುಂದೆ ಮಳೆ ಬಂದಾಗ ನೀರನ್ನು ಕರೆದು, ಅಯಾನುಗಳಿಗೆ ದಾರಿ ಬಿಡುತ್ತದೆ. ಮೇನ್ ಹೇಳಿದ ಪ್ರತಿರೋಧ ಕುಸಿಯುವುದು ಇಲ್ಲಿಂದಲೇ. ಬಣ್ಣವನ್ನು ಡಬ್ಬಿಯಲ್ಲಿ ಕೆಡದಂತೆ ಇಡುವ ವಸ್ತುವೇ ಕಬ್ಬಿಣದ ಮೇಲೆ ಅದನ್ನು ಕೆಡಿಸುತ್ತಿತ್ತು.

ಆದ್ದರಿಂದ ಲೇಟೆಕ್ಸ್ ಪ್ರೈಮರುಗಳ ಸೂತ್ರ ಕಟ್ಟುವವರ ದುಡಿಮೆಯಲ್ಲಿ ದೊಡ್ಡ ಪಾಲು ಕಳೆಯುವ ಲೆಕ್ಕವೇ. ಸರ್ಫ್ಯಾಕ್ಟಂಟ್ ಕಡಿಮೆ ಮಾಡಿ, ಕಣವನ್ನು ಸ್ಥಿರವಾಗಿಡುವ ಆಮ್ಲಗುಂಪುಗಳನ್ನು ಪಾಲಿಮರಿಗೇ ಹೊಲಿದರು. ಪದರ ಬೆಸೆಯಲು ನೆರವಾಗಿ ನಿಧಾನವಾಗಿ ಆವಿಯಾಗುವ ದ್ರಾವಕವನ್ನು ಚೂರೇ ಚೂರು ಸೇರಿಸಿದರು. ನೀರನ್ನು ಅಮೋನಿಯಾದಿಂದ ಮೆಲುಕ್ಷಾರ ಮಾಡಿ, ಹಸಿಬಣ್ಣದ ಕಂದು ಚುಕ್ಕೆ ತಡೆಯಲು ಸೋಡಿಯಂ ನೈಟ್ರೈಟಿನಂಥ ಉಪ್ಪನ್ನು ತೀರ ಮಿತವಾಗಿ ಹಾಕಿದರು. ಹೆಚ್ಚಾದರೆ ಅದೂ ಅಯಾನೇ, ಅದೂ ನೀರನ್ನು ಕರೆಯುತ್ತದೆ. ತುಕ್ಕುನಿರೋಧಕ ವರ್ಣಕದ ಆಯ್ಕೆಯಲ್ಲಿ ಇನ್ನೂ ಇಕ್ಕಟ್ಟು. ವರ್ಣಕ ತುಸುವಾದರೂ ಕರಗದಿದ್ದರೆ ಲೋಹವನ್ನು ಕಾಯಲಾರದು. ಹೆಚ್ಚು ಕರಗಿದರೆ ಡಬ್ಬಿಯೊಳಗೇ ಲೇಟೆಕ್ಸನ್ನು ಹಾಲು ಒಡೆದಂತೆ ಒಡೆಸುತ್ತದೆ. ಸೀಸದ ಮತ್ತು ಕ್ರೋಮೇಟಿನ ವರ್ಣಕಗಳ ವಿಷ ಮನದಟ್ಟಾದ ಮೇಲೆ, 1960ರ ದಶಕದಿಂದ ಬಳಕೆಗೆ ಬಂದ ಸತುವಿನ ಫಾಸ್ಫೇಟು ಹೆಚ್ಚು ಹೆಚ್ಚು ಆ ಜಾಗಕ್ಕೆ ಬಂತು. ಅದು ಬಹಳ ಕಡಿಮೆ ಕರಗುತ್ತದೆ. ಸತುವಿನ ಪುಡಿಯನ್ನಂತೂ ನೀರಿನ ಡಬ್ಬಿಯಲ್ಲಿ ಇಡುವಂತೆಯೇ ಇಲ್ಲ. ಜಲಜನಕ ಹುಟ್ಟಿ ಡಬ್ಬಿ ಉಬ್ಬುತ್ತದೆ. ಸತು ಸಿಲಿಕೇಟು ಪುಡಿ ಬೇರೆ, ದ್ರವ ಬೇರೆಯಾಗಿ ಮಾರಾಟವಾಗುವುದು ಇದಕ್ಕೇ.

ಮೂರನೆಯ ಧಾರೆ ಕಾರಿನದು. ಫೋರ್ಡ್ ಕಂಪನಿಯ ಜಾರ್ಜ್ ಬ್ರೂವರ್ ಮುಂದಾಳತ್ವದಲ್ಲಿ ಕಾರಿನ ಮೈಯನ್ನೇ ನೀರಿನ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಬಣ್ಣದ ಕಣಗಳು ತಾವಾಗಿ ಬಂದು ಕೂರುವಂತೆ ಮಾಡುವ ವಿಧಾನ 1960ರ ದಶಕದ ಆರಂಭದಲ್ಲಿ ರೂಢಿಗೆ ಬಂತು. ಕುಂಚವೂ ಸ್ಪ್ರೇಯೂ ತಲುಪದ ಒಳಸಂದಿಗಳಿಗೆ ಬಣ್ಣ ತಲುಪಿಸುವ ಗುರಿ ಅದಕ್ಕಿತ್ತು. ಮೊದಲು ಕಾರಿನ ಮೈ ಆನೋಡ್ ಆಗಿತ್ತು, ಹಾಗಾಗಿ ಬಣ್ಣ ಕೂರುವಾಗಲೇ ಲೋಹ ಕೊಂಚ ಕರಗುತ್ತಿತ್ತು. 1970ರ ದಶಕದಲ್ಲಿ ಪಿಪಿಜಿ ಕಂಪನಿ ಅದನ್ನು ತಿರುಗಿಸಿ ಮೈಯನ್ನು ಕ್ಯಾಥೋಡ್ ಮಾಡಿತು. ಇಂದು ಬಹುಪಾಲು ಕಾರುಗಳು ಈ ಸ್ನಾನ ಮುಗಿಸಿಯೇ ಹೊರಬರುತ್ತವೆ. ಸೇತುವೆಯನ್ನು ತೊಟ್ಟಿಯಲ್ಲಿ ಅದ್ದಲಾಗದ್ದರಿಂದ ಈ ಧಾರೆ ಕಾರ್ಖಾನೆಯೊಳಗೇ ಉಳಿಯಿತು.

ಕಾನೂನಿನ ಪಾತ್ರವನ್ನು ನಾನು ಅಲ್ಲಗಳೆಯುತ್ತಿಲ್ಲ. ಕ್ಯಾಲ್ಟೆಕ್‌ನ ಹಾಗನ್-ಸ್ಮಿಟ್ ಅವರು ಲಾಸ್ ಏಂಜಲೀಸಿನ ಹೊಗೆಮಂಜು ಹೈಡ್ರೋಕಾರ್ಬನ್ನುಗಳು ಬಿಸಿಲಿನಲ್ಲಿ ಪ್ರತಿಕ್ರಿಯಿಸಿ ಹುಟ್ಟುವಂಥದ್ದು ಎಂದು ತೋರಿಸದಿದ್ದರೆ ರೂಲ್ 66 ಬರುತ್ತಿರಲಿಲ್ಲ. ಅದು ಬರದಿದ್ದರೆ ಲೇಟೆಕ್ಸ್ ಪ್ರೈಮರಿಗೆ ಹಣ ಸುರಿಯುವವರೂ ಸಿಗುತ್ತಿರಲಿಲ್ಲ. ಗೋಲ್ಡನ್ ಗೇಟ್‌ನಲ್ಲೇ ಇದರ ಗುರುತಿದೆ. 1965ರಲ್ಲಿ ಹಳೆಯ ಸೀಸದ ಬಣ್ಣ ಕೆರೆದು ಸತು ಸಿಲಿಕೇಟು ಪ್ರೈಮರ್ ಮತ್ತು ವಿನೈಲ್ ಮೇಲ್ಬಣ್ಣ ಹಚ್ಚತೊಡಗಿದರು. 1990ರಲ್ಲಿ ವಾಯುಮಾಲಿನ್ಯ ನಿಯಮಕ್ಕೆ ಹೊಂದುವಂತೆ ಮೇಲ್ಬಣ್ಣವನ್ನು ಅಕ್ರಿಲಿಕ್ ಎಮಲ್ಷನ್ನಿಗೆ ಬದಲಿಸಿದರು. ಕಾನೂನು ವೇಗ ಕೊಟ್ಟಿತು. ದಾರಿಯ ನಕಾಶೆ ಮಾತ್ರ ಅದಕ್ಕೆ ಮೊದಲೇ ಇತ್ತು.

ಲೇಟೆಕ್ಸ್ ಪ್ರೈಮರುಗಳಿಗೆ ಕೆಟ್ಟ ಹೆಸರು ತಂದದ್ದರಲ್ಲಿ ಪರೀಕ್ಷೆಯ ಪಾಲೂ ಇದೆ. 1939ರಿಂದ ಮಾನಕವಾಗಿರುವ ಎಎಸ್‌ಟಿಎಂ ಬಿ117 ಪರೀಕ್ಷೆಯಲ್ಲಿ 35 ಡಿಗ್ರಿ ಸೆಲ್ಸಿಯಸ್ ಬಿಸಿಯ ಪೆಟ್ಟಿಗೆಯೊಳಗೆ ಶೇ. 5ರ ಉಪ್ಪುನೀರಿನ ಮಂಜು ಬಿಡುವಿಲ್ಲದೆ ಬೀಳುತ್ತಿರುತ್ತದೆ. ತಗಡು ಒಮ್ಮೆಯೂ ಒಣಗುವುದಿಲ್ಲ. ನೀರು ಹೀರಿ ಊದಿ, ಬಿಸಿಲಿಗೆ ಆರಿ ಮತ್ತೆ ಬಿಗಿಯುವ ಲೇಟೆಕ್ಸ್ ಪದರ ಅಲ್ಲಿ ಗುಳ್ಳೆಯೆದ್ದು ಸೋಲುತ್ತದೆ. ಬ್ರಿಟನ್ನಿನಲ್ಲಿ ಬೆಳೆದ ಪ್ರೊಹೆಶನ್ ಎಂಬ ಪರೀಕ್ಷೆ ಉಪ್ಪನ್ನು ಶೇ. 0.05ಕ್ಕೆ ಇಳಿಸಿ, ಶೇ. 0.35 ಅಮೋನಿಯಂ ಸಲ್ಫೇಟ್ ಸೇರಿಸಿ, ಒಂದು ಗಂಟೆ ಮಂಜು, ಒಂದು ಗಂಟೆ ಒಣಗು ಎಂಬ ಸರದಿ ತಂದಿತು. ಈ ಪೆಟ್ಟಿಗೆಯಲ್ಲಿ ಬಣ್ಣಗಳ ಶ್ರೇಯಾಂಕವೇ ಅದಲುಬದಲಾಗುವುದುಂಟು, ಬಯಲಿನಲ್ಲಿ ಕಂಡದ್ದಕ್ಕೆ ಇದರ ಫಲಿತಾಂಶ ಹೆಚ್ಚು ಹತ್ತಿರ.

ನಮ್ಮಲ್ಲಿ ಗೇಟು, ಗ್ರಿಲ್ಲು ಮಾಡುವ ಯಾವ ವರ್ಕ್‌ಶಾಪಿಗೆ ಹೋದರೂ ನೆಲಕ್ಕೆ ಚೆಲ್ಲಿದ ರೆಡ್ ಆಕ್ಸೈಡಿನ ಕೆಂಪು ಕಲೆ ಕಾಣುತ್ತದೆ, ಥಿನ್ನರಿನ ಘಾಟು ಮೂಗಿಗೆ ಬಡಿಯುತ್ತದೆ. ಅದನ್ನು ಹೊಡೆಯುವ ಹುಡುಗರು ಬಾಯಿಗೆ ಕರವಸ್ತ್ರವನ್ನೂ ಕಟ್ಟಿಕೊಳ್ಳದೆ ಇಡೀ ದಿನ ಆ ಗಾಳಿಯಲ್ಲೇ ನಿಂತಿರುತ್ತಾರೆ. ಭಾರತೀಯ ಮಾನಕ ಐಎಸ್ 2074 ಇರುವುದು ರೆಡ್ ಆಕ್ಸೈಡ್–ಜಿಂಕ್ ಕ್ರೋಮ್ ಪ್ರೈಮರಿಗೆ. ಅದರ ಕ್ರೋಮೇಟು ಕ್ಯಾನ್ಸರ್‌ಕಾರಕ. ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ ಇಳಿಸಿದ 2016ರ ನಿಯಮಗಳು ಕೈಗಾರಿಕಾ ಬಣ್ಣಗಳನ್ನು ಮುಟ್ಟುವುದಿಲ್ಲ. ನೀರಿನ ಪ್ರೈಮರ್ ಈ ವರ್ಕ್‌ಶಾಪುಗಳಿಗೆ ಬರಲಿ ಎಂದು ನಾನು ಬಯಸುವುದು ಮೊದಲಾಗಿ ಆ ಹುಡುಗರ ಶ್ವಾಸಕೋಶಕ್ಕಾಗಿ.

ಬರುವ ಮುನ್ನ ನಮ್ಮ ಹವೆಯಲ್ಲಿ ಅದು ನಿಲ್ಲುವುದೇ ಎಂದು ನೋಡಬೇಕು. ಗಾಳಿಯ ತೇವ ಶೇ. 85 ದಾಟಿದರೆ ಹಚ್ಚಬೇಡಿ, ಉಕ್ಕಿನ ಉಷ್ಣತೆ ಇಬ್ಬನಿ ಬೀಳುವ ಉಷ್ಣತೆಗಿಂತ 3 ಡಿಗ್ರಿ ಮೇಲಿರಲಿ ಎಂಬುದು ಬಣ್ಣದ ಕೆಲಸದಲ್ಲಿ ಸಾಮಾನ್ಯ ಸೂಚನೆ. ಆಷಾಢದ ಕರಾವಳಿಯಲ್ಲಿ ಅಂಥ ಗಂಟೆಗಳು ವಿರಳ. ಕಾರೈಕುಡಿಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ ಮಂಡಪಂ ಕಡಲತೀರದಲ್ಲಿ ಲೋಹದ ತಗಡುಗಳನ್ನು ಗಾಳಿಗೊಡ್ಡಿ ಅಭ್ಯಾಸ ಮಾಡುತ್ತ ಬಂದಿದೆ. ಆದರೆ ಅಲ್ಲಿಯ ಮಳೆ ಹಿಂಗಾರಿನದು. ನಮ್ಮ ಕರಾವಳಿಯ ಮುಂಗಾರು ಉಪ್ಪನ್ನು ತೊಳೆದೂ ಹಾಕುತ್ತದೆ, ಪದರವನ್ನು ತಿಂಗಳುಗಟ್ಟಲೆ ಒದ್ದೆಯಾಗಿಯೂ ಇಡುತ್ತದೆ. ಕಾರವಾರದಲ್ಲೋ ಮಂಗಳೂರಿನಲ್ಲೋ ಕಡಲಿಗೆ ಮುಖ ಮಾಡಿ, ಗೀರು ಹಾಕಿದ ತಗಡುಗಳನ್ನು ಜೂನ್ ಮೊದಲ ವಾರ ನಿಲ್ಲಿಸಬೇಕು. ದೀಪಾವಳಿಯ ಹೊತ್ತಿಗೆ ಇಳಿಸಿ, ಗೀರಿನ ಎರಡೂ ಬದಿಗೆ ಬಣ್ಣದಡಿ ತುಕ್ಕು ಎಷ್ಟು ಮಿಲಿಮೀಟರ್ ಹರಿದಿದೆ ಎಂದು ಚಾಕುವಿನ ಮೊನೆಯಿಂದ ಎಬ್ಬಿಸಿ ಅಳೆಯಬೇಕು.