ವಲಸೆ ಬಂದವರು ಕಟ್ಟಿದ ಊರು: ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ದಿನದ ನಡಿಗೆ

ಆಮ್‌ಸ್ಟರ್‌ಡ್ಯಾಮಿಗೆ ಹೋದವರೆಲ್ಲ ಗಾಜಿನ ಮಾಡಿನ ದೋಣಿ ಹತ್ತಿ, ಒಂದು ಗಂಟೆಯಲ್ಲಿ ಕಾಲುವೆಗಳನ್ನು ಸುತ್ತಿ, ಫೋಟೋ ತೆಗೆದು ಬರುತ್ತಾರೆ. ತಪ್ಪೇನಿಲ್ಲ. ಆದರೆ ನನ್ನ ಮಾತು ಕೇಳುವುದಾದರೆ ದೋಣಿ ಬಿಡಿ. ಒಳ್ಳೆಯ ಶೂ ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೇ ಸೆಂಟ್ರಲ್ ಸ್ಟೇಷನ್ನಿನಿಂದ ನಡೆಯಲು ಶುರುಮಾಡಿ. ಹಳೆಯ ಊರು ಚಿಕ್ಕದು, ಸಂಜೆಯೊಳಗೆ ಮುಗಿಯುತ್ತದೆ. ಸೈಕಲ್ಲಿನವರ ದಾರಿಗೆ ಮಾತ್ರ ಕಾಲಿಡಬೇಡಿ, ಅವರು ನಿಲ್ಲಿಸುವವರಲ್ಲ!

ಮುಂಬಯಿಯಲ್ಲಿ ಮೂವತ್ತು ವರ್ಷ ಸವೆಸಿದ ನನ್ನಂಥವನಿಗೆ ಈ ಊರು ಬೇಗ ಹತ್ತಿರವಾಯಿತು. ಎರಡೂ ಕಡೆ ನೀರನ್ನು ಹಿಂದಕ್ಕೆ ತಳ್ಳಿ ನೆಲ ಮಾಡಿಕೊಂಡಿದ್ದಾರೆ. ಎರಡನ್ನೂ ಬೆಳೆಸಿದವರಲ್ಲಿ ಹೊರಗಿನಿಂದ ಬಂದವರೇ ಬಹಳ.

1889ರಲ್ಲಿ ತೆರೆದ ಆ ಸ್ಟೇಷನ್ನೇ ಕೃತಕ ದ್ವೀಪಗಳ ಮೇಲೆ, ಎಂಟು ಸಾವಿರಕ್ಕೂ ಹೆಚ್ಚು ಮರದ ಕಂಬಗಳ ಮೇಲೆ ನಿಂತಿದೆ. ಡ್ಯಾಮ್ ಚೌಕದ ಅರಮನೆ, ಅಂದರೆ 1655ರಲ್ಲಿ ತೆರೆದ ಅಂದಿನ ಪುರಭವನ, 13,659 ಕಂಬಗಳ ಮೇಲಿದೆ. ಮೇಲೆ ಬರೀ ಕೆಸರು. ಗಟ್ಟಿ ಮರಳು ಸಿಗಲು ಹನ್ನೆರಡು ಮೀಟರಿನಷ್ಟು ಇಳಿಯಬೇಕು. ಕಂಬ ಪೂರ್ತಿ ನೀರಿನಲ್ಲಿ ಮುಳುಗಿರುವವರೆಗೆ ಕೊಳೆಯುವುದಿಲ್ಲ, ಗಾಳಿ ತಗುಲಿದರೆ ಕೆಟ್ಟಿತು. ಹಾಗಾಗಿ ನೀರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

1585ರಲ್ಲಿ ಸ್ಪೇನಿನ ಸೈನ್ಯ ಆಂಟ್‌ವರ್ಪ್ ನಗರವನ್ನು ಹಿಡಿಯಿತು. ಅಲ್ಲಿನ ಪ್ರಾಟೆಸ್ಟಂಟ್ ವ್ಯಾಪಾರಿಗಳು, ಕುಶಲಕರ್ಮಿಗಳು ಗಂಟುಮೂಟೆ ಕಟ್ಟಿಕೊಂಡು ಉತ್ತರಕ್ಕೆ ಬಂದರು. ಮೂವತ್ತು ಸಾವಿರದಷ್ಟಿದ್ದ ಆಮ್‌ಸ್ಟರ್‌ಡ್ಯಾಮ್ 1622ರ ಹೊತ್ತಿಗೆ ಲಕ್ಷ ದಾಟಿತ್ತು. ಜಾಗ ಸಾಲದೆ 1613ರಲ್ಲಿ ಅಗೆಯಲು ತೊಡಗಿದ್ದೇ ಇಂದು ನಾವು ಬಾಯಿಬಿಟ್ಟು ನೋಡುವ ಕಾಲುವೆಗಳ ಉಂಗುರ. ಅಗಲ ಕಿರಿದಾದ ಮನೆಗಳು, ನೆತ್ತಿಯಲ್ಲಿ ಸಾಮಾನು ಎತ್ತಲು ಕೊಕ್ಕೆ. ಒಳಗೆ ಮೆಟ್ಟಿಲೋ, ಏಣಿಯೋ ತಿಳಿಯದಷ್ಟು ಕಡಿದು!

ನೆಸ್ ಎಂಬ ಸಣ್ಣ ಬೀದಿಯನ್ನು ಯಾರೂ ವಿಶೇಷವಾಗಿ ತೋರಿಸುವುದಿಲ್ಲ. 1602ರ ಆಗಸ್ಟಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳಿಗೆ ಜನ ಹೆಸರು ಬರೆಸಿದ್ದು ಅಲ್ಲಿನ ಡಿರ್ಕ್ ವಾನ್ ಓಸ್ ಎಂಬ ವರ್ತಕನ ಮನೆಯಲ್ಲಿ. ಅವನೂ ಆಂಟ್‌ವರ್ಪಿನಿಂದ ಬಂದವನೇ. ಒಟ್ಟು 1,143 ಜನ ಹೆಸರು ಬರೆಸಿದರು. ಅವರಲ್ಲಿ ಅದೇ ಮನೆಯ ಕೆಲಸದಾಕೆ ನೇಲ್ಟ್‌ಖನ್ ಕಾರ್ನೆಲಿಸ್ ಕೂಡ ಇದ್ದಳು, ಕೂಡಿಟ್ಟ 100 ಗಿಲ್ಡರ್ ಹಾಕಿದಳು. ದಲಾಲ್ ಸ್ಟ್ರೀಟಿನ ಊರಿನವನಾಗಿ ನನಗೆ ಅರಮನೆಗಿಂತ ಈ ಬೀದಿಯೇ ಹೆಚ್ಚು ಹಿಡಿಸಿತು. ಮುಂದೆ ಅದೇ ಕಂಪನಿ ನಮ್ಮ ಬಸರೂರಿನವರೆಗೂ ವ್ಯಾಪಾರಕ್ಕೆ ಬಂತು. ಜಾಯಿಕಾಯಿಗಾಗಿ 1621ರಲ್ಲಿ ಬಾಂಡಾ ದ್ವೀಪಗಳ ಜನರನ್ನು ಕೊಂದು, ಓಡಿಸಿ, ದ್ವೀಪಗಳನ್ನೇ ಬರಿದು ಮಾಡಿತು. ಆ ಲಾಭದ ಲೆಕ್ಕದಲ್ಲಿ ಇದೂ ಸೇರಿದೆ.

ಅಲ್ಲಿಂದ ಪೂರ್ವಕ್ಕೆ ನಡೆದರೆ ಹಳೆಯ ಯೆಹೂದಿ ಕೇರಿ. ಗೋವೆಯ ಇನ್‌ಕ್ವಿಸಿಷನ್ನಿಗೆ ಹೆದರಿ ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳ ಕಥೆ ನಮ್ಮ ಕರಾವಳಿಯವರಿಗೆ ಗೊತ್ತು. ಪೋರ್ಚುಗಲ್ ಮತ್ತು ಸ್ಪೇನಿನಲ್ಲಿ ಅದೇ ಕಾಟಕ್ಕೆ ಸಿಕ್ಕ ಯೆಹೂದಿಗಳು ಇಲ್ಲಿಗೆ ಬಂದರು. 1675ರಲ್ಲಿ ಅವರು ಕಟ್ಟಿದ ಪೋರ್ಚುಗೀಸ್ ಸಿನಗಾಗ್ ಹಾಗೇ ಇದೆ. ಒಳಗೆ ವಿದ್ಯುದ್ದೀಪವಿಲ್ಲ, ಸಾವಿರ ಮೇಣದಬತ್ತಿಗಳಿವೆ. ಮರದ ನೆಲದ ಮೇಲೆ ಮರಳು ಹರಡಿದ್ದಾರೆ. ಹಾಗಂತ ಊರು ಎರಡೂ ಕೈಚಾಚಿ ಅಪ್ಪಿಕೊಂಡಿತು ಅನ್ನಬೇಡಿ. ಹೆಚ್ಚಿನ ಕಸುಬುದಾರರ ಸಂಘಗಳಿಗೆ ಯೆಹೂದಿಗಳಿಗೆ ಪ್ರವೇಶವಿರಲಿಲ್ಲ. ಆ ಸಮುದಾಯವೂ ಕಡಿಮೆಯದಲ್ಲ: 1656ರಲ್ಲಿ ಇಪ್ಪತ್ತಮೂರು ವರ್ಷದ ಸ್ಪಿನೋಜಾನನ್ನು ಬಹಿಷ್ಕಾರ ಹಾಕಿ ಹೊರಗಟ್ಟಿತು. ಅದೇ ವರ್ಷ, ಕೂಗಳತೆಯ ದೂರದಲ್ಲಿ, ಲೈಡನ್ನಿನಿಂದ ಬಂದು ಹೆಸರು ಮಾಡಿದ್ದ ರೆಂಬ್ರಾಂಟ್ ದಿವಾಳಿಯಾದ. ಅವನ ಮನೆ ಈಗ ಮ್ಯೂಸಿಯಂ.

ಸಿನಗಾಗಿನ ಪಕ್ಕದ ಚೌಕದಲ್ಲಿ ಬಂದರು ಕಾರ್ಮಿಕನೊಬ್ಬನ ಕಂಚಿನ ಪ್ರತಿಮೆಯಿದೆ. 1941ರ ಫೆಬ್ರವರಿಯಲ್ಲಿ ನಾಜಿಗಳು ಇಲ್ಲೇ ನೂರಾರು ಯೆಹೂದಿ ಯುವಕರನ್ನು ಹಿಡಿದರು. 25ರಂದು ಊರಿನ ಟ್ರಾಮಿನವರು, ಬಂದರಿನವರು, ಕಾರ್ಖಾನೆಯವರು ಮುಷ್ಕರ ಹೂಡಿದರು. ಯೆಹೂದಿಗಳ ಪರವಾಗಿ ಒಂದಿಡೀ ಊರು ಹೀಗೆ ಬೀದಿಗಿಳಿದದ್ದು ಆ ಯುದ್ಧದಲ್ಲಿ ಅಪರೂಪ. ಇನ್ನೊಂದು ಮುಖವೂ ಇದೆ. ಅದೇ ವರ್ಷ ನಗರಸಭೆಯ ಗುಮಾಸ್ತರು ಒಂದು ನಕ್ಷೆ ಬರೆದುಕೊಟ್ಟರು, ಹತ್ತು ಯೆಹೂದಿಗಳಿಗೆ ಒಂದು ಚುಕ್ಕೆ. ಜನಗಣತಿ ಅಷ್ಟು ಅಚ್ಚುಕಟ್ಟಾಗಿತ್ತು! ವೇಸ್ಪರ್ ಬೀದಿಯಲ್ಲಿ 2021ರಲ್ಲಿ ತೆರೆದ ಸ್ಮಾರಕದಲ್ಲಿ ಸತ್ತವರ ಒಂದೊಂದು ಹೆಸರಿಗೆ ಒಂದೊಂದು ಇಟ್ಟಿಗೆ, 1,02,000ಕ್ಕೂ ಹೆಚ್ಚು. ಹೆಸರು, ಹುಟ್ಟಿದ ದಿನ, ಸತ್ತಾಗಿನ ವಯಸ್ಸು. ನಾನು ಒಂದು ಗೋಡೆಯಷ್ಟು ಓದಿದೆ, ಆಮೇಲೆ ಆಗಲಿಲ್ಲ.

ಹೇರೆನ್‌ಗ್ರಾಖ್ಟ್ ಕಾಲುವೆಯ 502ನೇ ನಂಬರಿನ ದೊಡ್ಡ ಮನೆ ಮೇಯರರ ಅಧಿಕೃತ ನಿವಾಸ. ಅದನ್ನು 1672ರಲ್ಲಿ ಕಟ್ಟಿಸಿದವನು ಗುಲಾಮರ ವ್ಯಾಪಾರ ನಡೆಸುತ್ತಿದ್ದ ವೆಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿದ್ದ ಪಾಲಸ್ ಗೋಡಿನ್. ಮೇಯರ್ ಫೆಮ್ಕೆ ಹಾಲ್ಸೆಮಾ 2021ರಲ್ಲಿ ಗುಲಾಮಗಿರಿಯಲ್ಲಿ ಊರಿನ ಪಾಲಿಗೂ, 2025ರಲ್ಲಿ ಯೆಹೂದಿಗಳನ್ನು ಕೈಬಿಟ್ಟಿದ್ದಕ್ಕೂ ಕ್ಷಮೆ ಕೇಳಿದರು.

ಆಲ್ಬರ್ಟ್ ಕೌಪ್ ಸಂತೆಯ ಹತ್ತಿರ ಸುರಿನಾಮಿಗಳ ಅಂಗಡಿಯಲ್ಲಿ ಊಟ ಮಾಡಿದೆ. ರೋಟಿ, ಆಲೂಗಡ್ಡೆ, ಅಲಸಂದೆ ಕಾಯಿ ಪಲ್ಯ. ಯಜಮಾನತಿ ಮಾತಾಡಿದ್ದು ಭೋಜಪುರಿಯ ಹಾಗಿತ್ತು, ನನ್ನ ಬಂಬಯ್ಯಾ ಹಿಂದಿಗೆ ಅರ್ಧ ದಕ್ಕಿತು. ಇದರ ಹಿಂದೊಂದು ಕಥೆಯಿದೆ. ಡಚ್ಚರು ಸುರಿನಾಮಿನಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1863ರಲ್ಲಿ. ಆದರೂ ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ತೋಟಗಳಲ್ಲಿ ದುಡಿಯಬೇಕಾಯಿತು. ಆ ಅವಧಿ ಮುಗಿದ 1873ರಲ್ಲೇ ಲಲ್ಲಾ ರೂಖ್ ಎಂಬ ಹಡಗು ಕಲ್ಕತ್ತೆಯಿಂದ ಕೂಲಿಗಳನ್ನು ಹೊತ್ತು ಅಲ್ಲಿ ಮುಟ್ಟಿತು. 1916ರವರೆಗೆ ಸುಮಾರು 34,000 ಮಂದಿ ಹೋದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಬಹಳಷ್ಟು ಜನ ಮತ್ತೆ ಹಡಗು, ವಿಮಾನ ಹತ್ತಿ ಹಾಲೆಂಡಿಗೆ ಬಂದರು. "ನಿಮ್ಮ ಊರು ಯಾವುದು?" ಎಂದು ಆಕೆ ಕೇಳಿದಾಗ ಮುಂಬಯಿ ಅನ್ನಲೋ, ಕುಂದಾಪುರ ಅನ್ನಲೋ ಎಂದು ನಾನು ತಡವರಿಸಿದೆ. ಆಕೆಗೆ ನಗು ಬಂತು. ಆ ಪ್ರಶ್ನೆಗೆ ಆಕೆಗೂ ಮೂರು ಉತ್ತರಗಳಿದ್ದವು.

ಸಂಜೆಗೆ ಪ್ರಿನ್ಸೆನ್‌ಗ್ರಾಖ್ಟ್ 263. ಆನ್ ಫ್ರಾಂಕ್ ಮನೆಗೆ ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ತೆಗೆಸಿರಬೇಕು, ಮರೆಯಬೇಡಿ. ಆನ್ ಕೂಡ ಈ ಊರಿನವಳಲ್ಲ. ಹಿಟ್ಲರ್ ಬಂದ ಮೇಲೆ ಆ ಕುಟುಂಬ ಜರ್ಮನಿ ಬಿಟ್ಟಿತು, 1934ರಲ್ಲಿ ಅವಳು ಇಲ್ಲಿಗೆ ಬಂದಾಗ ನಾಲ್ಕು ವರ್ಷ. 1942ರ ಜುಲೈಯಿಂದ 1944ರ ಆಗಸ್ಟ್ 4ರವರೆಗೆ ಎಂಟು ಜನ ಹಿಂಬದಿಯ ಕೋಣೆಗಳಲ್ಲಿ ಅಡಗಿದ್ದರು. ಉಳಿದು ಬಂದವರು ತಂದೆ ಆಟೊ ಒಬ್ಬರೇ. ಬಂಧನದ ನಂತರ ನಾಜಿಗಳು ಸಾಮಾನನ್ನೆಲ್ಲ ಸಾಗಿಸಿದ್ದರು; ಕೋಣೆಗಳು ಖಾಲಿಯೇ ಇರಲಿ ಎಂದದ್ದು ಆಟೊ. ಖಾಲಿಯೇ ಇವೆ. ಒಂದು ಗೋಡೆಯ ಮೇಲೆ ಮಾತ್ರ ಮಕ್ಕಳ ಎತ್ತರ ಅಳೆದು ಹಾಕಿದ ಪೆನ್ಸಿಲ್ ಗೆರೆಗಳಿವೆ. ಆ ಎರಡು ವರ್ಷಗಳಲ್ಲಿ ಆನ್ 13 ಸೆಂಟಿಮೀಟರಿಗೂ ಹೆಚ್ಚು ಬೆಳೆದಿದ್ದಳು.