ವಿದ್ಯಾರ್ಥಿ ಸಂಕಲನಗಳು: ಗಡಿನಾಡ ಕನ್ನಡಿಗರಿಗೆ ಏಕೆ ಬೇಕು?

ಕಾಲೇಜಿನಲ್ಲಿ ಓದುತ್ತಿರುವವರು ಬರೆದ ಕವಿತೆ, ಕಥೆ, ಪ್ರಬಂಧಗಳನ್ನು ಆಯ್ದು ಕಾಲೇಜಿನ ಸಂಘ ಅಥವಾ ವಿಶ್ವವಿದ್ಯಾಲಯ ಅಚ್ಚು ಹಾಕಿಸುವ ಪುಸ್ತಕವನ್ನು ವಿದ್ಯಾರ್ಥಿ ಸಂಕಲನ ಎನ್ನುತ್ತಾರೆ. ಕಾಲೇಜಿನ ವಾರ್ಷಿಕ ಸಂಚಿಕೆ ಬೇರೆ, ಇದು ಬೇರೆ. ಸಂಚಿಕೆಯಲ್ಲಿ ವರದಿ, ಫೋಟೋ, ಬಹುಮಾನಿತರ ಪಟ್ಟಿ ಎಲ್ಲವೂ ಇರುತ್ತದೆ. ಸಂಕಲನದಲ್ಲಿ ಇರುವುದು ಬರವಣಿಗೆ ಮಾತ್ರ.

ಹಿನ್ನೆಲೆ

ಕನ್ನಡದಲ್ಲಿ ಈ ಕೆಲಸಕ್ಕೆ ನೂರು ವರ್ಷ ದಾಟಿದ ಹಿನ್ನೆಲೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಆರಂಭಿಸಿತು. ಮುಂದೆ ಅದು ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು.

ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕುವೆಂಪು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 'ಬಿಗಿನರ್ಸ್ ಮ್ಯೂಸ್' 1922ರಲ್ಲಿ ಅಚ್ಚಾಯಿತು. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ ಮೇಲೆ ಅವರು ಕನ್ನಡದತ್ತ ತಿರುಗಿದರು. ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಇರುವ ನಮ್ಮ ಭಾಗದ ಮಕ್ಕಳು ಇದನ್ನು ತಿಳಿದಿರಬೇಕು.

ಹೊಸೂರು ರಸ್ತೆಯ ಕನ್ನಡ ಸಂಘ

ಹೊಸೂರಿನಿಂದ ಬೆಂಗಳೂರಿಗೆ ಹೋಗುವವರು ಮಡಿವಾಳ ದಾಟಿದ ಮೇಲೆ ಕಾಣುವ ಕ್ರೈಸ್ಟ್ ಕಾಲೇಜು (2008ರಿಂದ ಡೀಮ್ಡ್ ವಿಶ್ವವಿದ್ಯಾಲಯ) ಈ ವಿಷಯದಲ್ಲಿ ಹೆಸರುವಾಸಿ. ಇಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಚಿ. ಶ್ರೀನಿವಾಸರಾಜು (1942-2007) ಅವರು 1972ರಲ್ಲಿ ಆರಂಭವಾದ ಕನ್ನಡ ಸಂಘವನ್ನು ಬೆಳೆಸಿದರು. ಬೇಂದ್ರೆ ಹೆಸರಿನಲ್ಲಿ ಕವನ ಸ್ಪರ್ಧೆ, ಅ.ನ.ಕೃ. ಹೆಸರಿನಲ್ಲಿ ಲೇಖನ ಸ್ಪರ್ಧೆ ನಡೆದವು. ಬೇರೆ ಕಾಲೇಜಿನವರಿಗೂ ಅವಕಾಶವಿತ್ತು. ಅನೇಕ ಹೊಸಬರ ಬರವಣಿಗೆ ಸಂಘದ ಪುಸ್ತಕಗಳಲ್ಲಿ ಬೆಳಕು ಕಂಡಿತು. ವಿಶೇಷವೆಂದರೆ, ಇದು ಇಂಗ್ಲಿಷ್ ವಾತಾವರಣದ ಕಾಲೇಜು.

ನಮ್ಮ ಜಿಲ್ಲೆಯ ಸ್ಥಿತಿ

ಹಿಂದೆ ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ ಎಂದು ಜಿಲ್ಲೆಯ ಹೆಸರು ಬದಲಾದರೂ ಹೊಸೂರು, ಡೆಂಕಣಿಕೋಟೆ, ತಳಿ ಭಾಗದ ಮನೆಗಳಲ್ಲಿ ಕನ್ನಡ ಉಳಿದಿದೆ. ಬರೆಯುವ ಕನ್ನಡದ ಮಾತು ಬೇರೆ. 2006ರ ತಮಿಳು ಕಲಿಕೆ ಕಾಯ್ದೆಯಂತೆ 2006-07ರಲ್ಲಿ ಒಂದನೇ ತರಗತಿಗೆ ತಮಿಳು ಕಡ್ಡಾಯವಾಯಿತು. ವರ್ಷಕ್ಕೊಂದು ತರಗತಿಯಂತೆ ಅದು 2015-16ರಲ್ಲಿ ಹತ್ತನೇ ತರಗತಿ ಮುಟ್ಟಿತು. ಅಲ್ಪಸಂಖ್ಯಾತ ಭಾಷಿಕರು ನ್ಯಾಯಾಲಯಕ್ಕೆ ಹೋಗಿ ಕೆಲವು ವರ್ಷ ವಿನಾಯಿತಿ ಪಡೆದದ್ದೂ ಉಂಟು.

ತಮಿಳು ಕಲಿಯುವುದು ಬದುಕಿಗೆ ಅಗತ್ಯವೇ. ಆದರೆ ಕನ್ನಡದಲ್ಲಿ ಪರೀಕ್ಷೆ ಬರೆಯದವರು ಕನ್ನಡದಲ್ಲಿ ಪತ್ರವನ್ನೂ ಬರೆಯಲಾರರು. ಮಾತು ಬಂದು ಅಕ್ಷರ ಬಾರದಿದ್ದರೆ ಭಾಷೆ ಮುಂದಿನ ತಲೆಮಾರಿಗೆ ಅಜ್ಜಿಯ ನೆನಪಾಗಿ ಮಾತ್ರ ಉಳಿಯುತ್ತದೆ. ಅಂಕ ಸಿಗದಿದ್ದರೂ ಹೆಸರು ಅಚ್ಚಾಗುತ್ತದೆ ಎಂಬ ಆಸೆ ಪೆನ್ನು ಹಿಡಿಸಬಲ್ಲದು.

ಸಂಕಲನ ತರುವುದು ಹೇಗೆ?

* ಬರಹ ಕರೆಯುವಾಗ ಪುಟ ಮಿತಿ, ಕೊನೆಯ ದಿನ ತಿಳಿಸಬೇಕು. ಹೆಸರು ಬೇರೆ ಹಾಳೆಯಲ್ಲಿರಲಿ. ಯಾರದೆಂದು ತಿಳಿಯದೆ ಓದಿದರೆ ಆಯ್ಕೆ ನ್ಯಾಯವಾಗಿರುತ್ತದೆ.
* ಕಾಗುಣಿತದ ತಪ್ಪು ತಿದ್ದಬೇಕು. ತಮಿಳು, ತೆಲುಗು ಬೆರೆತ ಮನೆಮಾತನ್ನು ತಪ್ಪೆಂದು ತೆಗೆಯಬಾರದು. ಊರಿನ ಗುರುತು ಇರುವುದು ಅದರಲ್ಲೇ.
* ಯೂನಿಕೋಡ್‌ನಲ್ಲಿ ಟೈಪ್ ಮಾಡಿಸುವುದು ಒಳ್ಳೆಯದು. ಹಳೆಯ ನುಡಿ, ಬರಹ ಫೈಲುಗಳನ್ನು ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಕರಡನ್ನು ಇಬ್ಬರು ಓದಬೇಕು.
* ಸಾಮಾನ್ಯವಾಗಿ 16 ಪುಟಗಳ ಲೆಕ್ಕದಲ್ಲಿ ಅಚ್ಚಾಗುವುದರಿಂದ 64 ಅಥವಾ 80 ಪುಟಕ್ಕೆ ಹೊಂದಿಸಿದರೆ ಕಾಗದ ಉಳಿಯುತ್ತದೆ.
* ಬರೆದವರಿಗೆಲ್ಲ ಒಂದೊಂದು ಪ್ರತಿ ಕೊಡಬೇಕು. ಊರಿನ ಗ್ರಂಥಾಲಯಕ್ಕೂ, ಕನ್ನಡ ಶಾಲೆಗೂ ತಲುಪಿಸಬೇಕು.

ಕಾಲೇಜಿನಲ್ಲಿ ಕನ್ನಡ ವಿಭಾಗ ಇಲ್ಲದಿದ್ದರೂ ಇದು ಸಾಧ್ಯ. ಹತ್ತು ಮಂದಿ ಬರೆಯುವವರು, ತಿದ್ದಿಕೊಡಲು ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಸಿಕ್ಕರೆ ಮೊದಲ ಪುಸ್ತಕಕ್ಕೆ ಸಾಕು.