ಎದೆಯ ಎಕ್ಸ್-ರೇ, ಕೃತಕ ಬುದ್ಧಿಮತ್ತೆ ಮತ್ತು ಆರೋಗ್ಯ ಸಿಬ್ಬಂದಿಯ ಒಪ್ಪಿಗೆ: ಬಾಗಲಕೋಟೆ ಜಿಲ್ಲೆಯ ಹಿನ್ನೆಲೆಯಲ್ಲಿ

ಸಾರಾಂಶ

ವೈದ್ಯಕೀಯ ಚಿತ್ರಣಕ್ಕೆ ಕೃತಕ ಬುದ್ಧಿಮತ್ತೆ ಬರುವಾಗ ಆರೋಗ್ಯ ಸಿಬ್ಬಂದಿ ಹಿಂಜರಿದರೆ ಅದನ್ನು ಹೊಸ ತಂತ್ರಜ್ಞಾನದ ಭಯವೆಂದು ಎಣಿಸುವುದು ವಾಡಿಕೆ. ಆ ಹಿಂಜರಿಕೆಯಲ್ಲಿ ವೃತ್ತಿಜ್ಞಾನವೂ ಅಡಗಿರಬಹುದು ಎಂಬುದು ಈ ಲೇಖನದ ವಾದ.

ಹಿನ್ನೆಲೆ

ಡಿಜಿಟಲ್ ಎಕ್ಸ್-ರೇ ನೋಡಿ ಕ್ಷಯದ ಶಂಕೆಯನ್ನು ಗುರುತಿಸುವ ತಂತ್ರಾಂಶವನ್ನು 15 ವರ್ಷ ಮತ್ತು ಮೇಲ್ಪಟ್ಟವರ ತಪಾಸಣೆಯಲ್ಲಿ ವೈದ್ಯರ ಓದಿಗೆ ಬದಲಾಗಿ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಇದರ ಪ್ರಯೋಜನ ಸ್ಪಷ್ಟ. ಬಾಗಲಕೋಟೆ ನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿದೆ. ಆದರೆ ಬಾದಾಮಿ, ಹುನಗುಂದದಂಥ ತಾಲ್ಲೂಕುಗಳಲ್ಲಿ ಎಕ್ಸ್-ರೇ ತೆಗೆಯುವವರು ಸಿಕ್ಕಷ್ಟು ಸುಲಭವಾಗಿ ಅದನ್ನು ಓದುವ ರೇಡಿಯಾಲಜಿಸ್ಟ್ ಸಿಗುವುದಿಲ್ಲ.

ಇಂಥ ತಂತ್ರಾಂಶಕ್ಕೆ ಸಿಬ್ಬಂದಿಯ ಒಪ್ಪಿಗೆಯನ್ನು ಅಳೆಯುವ ಅಧ್ಯಯನಗಳು ಹೆಚ್ಚಾಗಿ ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ಮಾದರಿಯ ಜಾಡಿನಲ್ಲೇ ಸಾಗುತ್ತವೆ: ಉಪಯೋಗವಿದೆಯೇ, ಬಳಸಲು ಸುಲಭವೇ? ತಪ್ಪಾದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಇಲ್ಲಿ ಜಾಗವಿಲ್ಲ.

ಚರ್ಚೆ

ಇದೇ ಜಿಲ್ಲೆಯ ಇಳಕಲ್ ಸೀರೆಗೆ ಹೇಗೋ ಗ್ರಾನೈಟಿಗೂ ಹಾಗೆಯೇ ಹೆಸರಾದ ಊರು. ಕಲ್ಲು ಕೊರೆಯುವ, ಕೆತ್ತುವ ಕೆಲಸದ ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ. ಅದರ ಸಣ್ಣ ಗಂಟುಗಳು ಶ್ವಾಸಕೋಶದ ಮೇಲ್ಭಾಗದಲ್ಲೇ ಹೆಚ್ಚು. ಕ್ಷಯದ ಕಲೆಗಳಿಗೂ ಅದೇ ಜಾಗ. ಸಾಲದ್ದಕ್ಕೆ, ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು.

ಇಂಥ ಒಂದು ಚಿತ್ರಕ್ಕೆ ತಂತ್ರಾಂಶ ಕ್ಷಯದ ಶಂಕೆಯ ಹೆಚ್ಚಿನ ಅಂಕ ಕೊಟ್ಟಿತು, ಕಫದ ಟ್ರೂನಾಟ್ ಪರೀಕ್ಷೆಯಲ್ಲಿ ಕ್ಷಯ ಕಾಣಲಿಲ್ಲ ಎಂದುಕೊಳ್ಳೋಣ. ಆಗ "ಕಲ್ಲಿನ ಕೆಲಸಕ್ಕ ಎಷ್ಟ್ ವರ್ಷದಿಂದ ಹೊಂಟೀರಿ?" ಎಂದು ಕೇಳಬಲ್ಲವರು ಎಕ್ಸ್-ರೇ ತಂತ್ರಜ್ಞರು, ವೈದ್ಯರು ಇಲ್ಲವೇ ಆಶಾ ಕಾರ್ಯಕರ್ತೆ. ಕ್ಷಯಕ್ಕೆಂದೇ ತರಬೇತಿ ಪಡೆದ ತಂತ್ರಾಂಶ ಕೇವಲ ಚಿತ್ರವನ್ನು ನೋಡುತ್ತದೆ. ರೋಗದ ಹೆಸರು ತಪ್ಪಿದರೆ ಕಾರ್ಮಿಕನಿಗೆ ಬೇಡದ ಔಷಧ ಬೀಳುವುದಷ್ಟೇ ಅಲ್ಲ. ಔದ್ಯೋಗಿಕ ರೋಗಕ್ಕೆ ಕಾನೂನಿನಡಿ ಕೇಳಬಹುದಾದ ಪರಿಹಾರದ ಹಣವೂ ಕೈತಪ್ಪಬಹುದು.

ಹೊಣೆಯ ಭಾರ ಎಲ್ಲರಿಗೂ ಒಂದೇ ಅಲ್ಲ. ತಂತ್ರಜ್ಞರಿಗೆ ಕೆಲಸ ಹೋದೀತೆಂಬ ಚಿಂತೆಯಿದ್ದರೆ, ಸಹಿ ಹಾಕುವ ವೈದ್ಯರಿಗೆ ತೀರ್ಪು ತಪ್ಪೀತೆಂಬ ಚಿಂತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ನೈತಿಕ ಮಾರ್ಗಸೂಚಿ ಮನುಷ್ಯರ ಮೇಲ್ವಿಚಾರಣೆಯನ್ನು ಬಯಸುತ್ತದೆ. ಆದರೆ ಸಾಲು ನಿಂತ ಹೊರರೋಗಿ ವಿಭಾಗದಲ್ಲಿ ಅಂಕವನ್ನು ಮರುಪರಿಶೀಲಿಸಲು ಬಿಡುವು ಸಿಗದಿದ್ದರೆ ಆ ಮೇಲ್ವಿಚಾರಣೆ ಸಹಿಗಷ್ಟೇ ಸೀಮಿತವಾಗುತ್ತದೆ.

ಉಪಸಂಹಾರ

ಹಾಗಾಗಿ ಇಂಥ ಜಿಲ್ಲೆಯಲ್ಲಿ ಅಭಿಪ್ರಾಯ ಸಮೀಕ್ಷೆ ನಡೆಸುವವರು ತಂತ್ರಜ್ಞ, ವೈದ್ಯ, ಆಶಾ ಕಾರ್ಯಕರ್ತೆಯರ ಉತ್ತರಗಳನ್ನು ಒಂದೇ ಸರಾಸರಿಗೆ ಸೇರಿಸಬಾರದು. ಎಕ್ಸ್-ರೇ ಚೀಟಿಯಲ್ಲಿ ರೋಗಿಯ ಉದ್ಯೋಗವನ್ನು ಬರೆಯಲು ಕಾಲಂ ಬೇಕು. ತಂತ್ರಾಂಶದ ಅಂಕವನ್ನು ಸಿಬ್ಬಂದಿ ಒಪ್ಪದಿದ್ದಾಗ ಕಾರಣ ದಾಖಲಾಗಬೇಕು. ಅಂಥ ದಾಖಲೆಗಳಿದ್ದರೆ, ಬೇರೆಡೆ ಪಾಸಾದ ತಂತ್ರಾಂಶ ಇಳಕಲ್‌ನ ಧೂಳಿನಲ್ಲೂ ನಿಲ್ಲುತ್ತದೆಯೇ ಎಂದು ಇಲ್ಲೇ ಪರೀಕ್ಷಿಸಬಹುದು.